ಆರಿದ ಚಹಾ

ಇರಾನಿನ ನಮ್ಮ ತುರ್ಕ್‌ಮನ್ ಹಳ್ಳಿಗಳಲ್ಲಿ ಅನ್ನನಾಳದ ಕ್ಯಾನ್ಸರನ್ನು ಯಾರೂ ಹೆಸರಿಟ್ಟು ಕರೆಯುವುದಿಲ್ಲ. ‘ಅವನಿಗೆ ರೊಟ್ಟಿ ಇಳಿಯುತ್ತಿಲ್ಲ’ ಎನ್ನುತ್ತಾರೆ. ಅಷ್ಟು ಕಿವಿಗೆ ಬಿದ್ದರೆ ನೆಂಟರು ಕೊನೆಯ ಸಲ ನೋಡಿಬರಲು ಸಿದ್ಧರಾಗುತ್ತಾರೆ. ದೊಡ್ಡಪ್ಪ ಹೋದದ್ದು ಹಾಗೆಯೇ. ಗೊಂಬದ್ ಪಟ್ಟಣದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ನೀರೂ ಇಳಿಯುತ್ತಿರಲಿಲ್ಲ. ಪಟ್ಟಣದವರು ಬೇಗ ತೋರಿಸಿಕೊಂಡು ಉಳಿಯುತ್ತಾರೆ. ಕಾಯಿಲೆ ಅದೇ, ದಾರಿಯ ಉದ್ದ ಬೇರೆ.

ಕುದಿಯುವ ಚಹಾಕ್ಕೂ ಈ ಕಾಯಿಲೆಗೂ ನಂಟೆಷ್ಟು ಎಂದು ಆಸ್ಪತ್ರೆಯ ಸಮೀಕ್ಷೆಗಾಗಿ ನಾನೂ ಸಹೋದ್ಯೋಗಿ ಬೆಹ್ರೂಜ್‌ನೂ ಮನೆಮನೆಗೆ ಹೋಗಿ ಅಳೆಯುತ್ತಿದ್ದೆವು. ಒಂದೇ ಕೆಟಲಿನಿಂದ ಎರಡು ಬಟ್ಟಲು. ಒಂದರಲ್ಲಿ ಥರ್ಮಾಮೀಟರ್, ಇನ್ನೊಂದು ಮನೆಯವರ ಕೈಯಲ್ಲಿ. ಅವರು ಗುಟುಕರಿಸಿದಾಗ ನಾವು ಡಿಗ್ರಿ ಓದಿಕೊಳ್ಳಬೇಕು. ತೀರ ಬಿಸಿ ಕುಡಿಯುವವರಿಗೆ ಗೊಂಬದ್‌ನಲ್ಲಿ ಗಂಟಲಿಗೆ ಪೈಪು ಇಳಿಸಿ ನೋಡುವ ಪರೀಕ್ಷೆಗೆ ಮೊದಲ ಸರದಿ. ಉಳಿದವರ ಸರದಿ ಮುಂದಿನ ವರ್ಷ ಬಂದರೂ ಬಂತು.

ಓಗುಲ್‌ಬೀಬಿ ದೊಡ್ಡಮ್ಮ ಮಗ್ಗದಿಂದ ಎದ್ದು ಬಂದು ಬಟ್ಟಲು ಹಿಡಿದಳು. ನುಂಗಲು ಕಷ್ಟವಿದೆಯೇ ಎಂದು ಕೇಳಿದರೆ ಎಲ್ಲರಂತೆ ‘ಇಲ್ಲ’ ಎಂದಳು. ಆಮೇಲೆ ಕುಡಿಯದೆ ಬೆಹ್ರೂಜ್‌ನನ್ನು ಕೆಣಕುತ್ತ ಕೂತಳು.

“ಟೆಹ್ರಾನಿಂದ ನಮ್ ಚಹಾ ಬಿಸಿ ನೋಡೋಕೆ ಬಂದ್ಯಾ? ನಿಮ್ಮಮ್ಮ ನಿಂಗೆ ಬೇರೆ ಕೆಲಸ ಕಲಿಸ್ಲಿಲ್ವಾ?”

“ಕಲಿಸಿದ್ರೆ ಇಷ್ಟು ಒಳ್ಳೆ ಚಹಾ ಎಲ್ಲಿ ಸಿಗ್ತಿತ್ತು, ಅಮ್ಮಾ?”

ಮಾತು ಮುಗಿಯುವಷ್ಟರಲ್ಲಿ ಹಬೆ ನಿಂತಿತ್ತು. ಆಗ ಗುಟುಕರಿಸಿದಳು. ಐವತ್ತೊಂದು ಡಿಗ್ರಿ.

“ಈ ಊರಲ್ಲಿ ಬುದ್ಧಿ ಇರೋರು ಇವರೊಬ್ರೇ,” ಎಂದು ಬೆಹ್ರೂಜ್ ಬರೆದುಕೊಂಡ. ದೊಡ್ಡಮ್ಮ ಸರದಿಯಿಂದ ಆಚೆಗೆ ಬಿದ್ದಳು.

ನನಗೆ ನಂಬಿಕೆ ಬರಲಿಲ್ಲ. ಆರಿದ ಚಹಾ ಕುಡಿಯೋರು ಕುರಿ ತೊಳೆದ ನೀರೂ ಕುಡೀತಾರೆ ಎಂದು ಊರನ್ನೆಲ್ಲ ಹಂಗಿಸಿದವಳು ಇವಳು.

ಊಟಕ್ಕೆ ಕೂತಾಗ ಸೊಸೆ ಸೋನಾ ಅತ್ತೆಯ ರೊಟ್ಟಿಯನ್ನು ಸಾರಿನಲ್ಲಿ ಪುಡಿ ಮಾಡಿ ನೆನೆಸಿದಳು.

“ಯಾಕೆ?” ಎಂದೆ.

“ಹಲ್ಲು ನೋವಂತೆ.”

ಬೆಳಿಗ್ಗೆ ಅದೇ ಹಲ್ಲಿನಲ್ಲಿ ದೊಡ್ಡಮ್ಮ ಉಣ್ಣೆಯ ದಾರ ಕಡಿಯುವುದನ್ನು ಕಂಡಿದ್ದೆ.

ಹೊಸದಾಗಿ ಚಹಾ ಬಗ್ಗಿಸಿ ಅವಳ ಮುಂದಿಟ್ಟೆ. “ಮೊದಲಿನ ಹಾಗೆ ಕುಡಿ, ದೊಡ್ಡಮ್ಮ. ಕುಡಿದ್ರೆ ಬಾಯಿ ಮುಚ್ಕೊಂಡು ಹೋಗ್ತೀನಿ.”

ಬಟ್ಟಲನ್ನು ತುಟಿಯವರೆಗೆ ಒಯ್ದಳು. ಹಾಗೇ ಕೆಳಗಿಟ್ಟಳು.

“ಯಾವಾಗಿಂದ?” ಎಂದೆ.

“ಕುರಿ ಉಣ್ಣೆ ಕತ್ತರಿಸಿದಾಗಿಂದ. ಬಿಸಿ ಇಳಿದ್ರೆ ಉರಿಯುತ್ತೆ, ಆಮೇಲೆ ಎದೇಲಿ ಹಿಡಿಯುತ್ತೆ. ಯಾರಿಗೂ ಹೇಳ್ಬೇಡ, ಐನಾಜ್. ನಿಮ್ ದೊಡ್ಡಪ್ಪಂಗೆ ಪೈಪ್ ಹಾಕಿದ್ರು, ಆ ವಾರವೇ ಹೋದ.”

“ಪೈಪಿಂದ ಹೋಗ್ಲಿಲ್ಲ. ಪೈಪ್ ತಡವಾಗಿದ್ದಕ್ಕೆ ಹೋದ.”

“ಕಂಬಳಿ ಮುಗೀಲಿ.”

“ಅರ್ಧ ಬಾಕಿ ಇದೆ. ನೀನು ಹೋದ್ಮೇಲೆ ಸೋನಾ ನೇಯ್ತಾಳೆ ಬಿಡು.”

“ಅವಳಾ? ಅವಳ ಕೈಗೆ ಕೊಟ್ರೆ ಕಂಬಳಿ ಅಲ್ಲ, ಮೀನು ಹಿಡಿಯೋ ಬಲೆ ಆಗುತ್ತೆ.”

“ಇಲ್ಲೇ ಇದೀನಿ ಅತ್ತೆ, ಕೇಳಿಸ್ತಾ ಇದೆ,” ಎಂದಳು ಸೋನಾ.

“ಹಾಗಾದ್ರೆ ಬದುಕಿ ಉಳ್ದು ನೀನೇ ಮುಗ್ಸು,” ಎಂದೆ.

ದೊಡ್ಡಮ್ಮ ಎದ್ದು ಮಗ್ಗದ ಮೇಲೆ ಬಟ್ಟೆ ಹೊದಿಸಿದಳು. “ನಿಮ್ ಜೀಪಲ್ಲಿ ಜಾಗ ಇದ್ಯಾ?”

ಹೊರಗೆ ಬೆಹ್ರೂಜ್ ತಡೆದ. “ನಿನ್ ದೊಡ್ಡಮ್ಮ ಅಂತ ಸರದಿ ಮುರಿಯೋಕಾಗುತ್ತಾ?”

“ಸರದಿಯೇ ತಪ್ಪು. ಈಗ ಎಷ್ಟು ಬಿಸಿ ಕುಡೀತಾರೆ ಅಂತ ಅಳೀತಿದೀವಿ. ಕಾಯಿಲೆ ಬಂದೋರು ಬಿಸಿ ಬಿಟ್ಟಿರ್ತಾರೆ. ಅವರನ್ನೇ ಆರೋಗ್ಯವಂತರು ಅಂತ ಬರ್ಕೊಂಡು ಮನೇಲಿ ಬಿಟ್ಟು ಬರ್ತಿದೀವಿ.”

ಅವನು ಜೀಪಿನ ಹಿಂದಿನ ಸೀಟಿನಿಂದ ನಮ್ಮ ಚೀಲಗಳನ್ನು ತೆಗೆದ.

ಗೊಂಬದ್‌ನಲ್ಲಿ ಪೈಪು ಇಳಿಸಿದವರು ಗಡ್ಡೆ ಇದೆ ಎಂದರು. ಚಿಕ್ಕದು, ಇನ್ನೂ ಕತ್ತರಿಸಬಹುದು ಎಂದರು. ಅದಕ್ಕಿಂತ ಹೆಚ್ಚಿನ ಭರವಸೆ ಯಾರೂ ಕೊಡಲಿಲ್ಲ. ಶಸ್ತ್ರಚಿಕಿತ್ಸೆಗೆ ಗೊರ್ಗಾನ್ ನಗರಕ್ಕೆ ಹೊರಟಾಗ ದೊಡ್ಡಮ್ಮ ಸೋನಾಗೆ ಹೇಳಿದ್ದು ಒಂದೇ ಮಾತು: “ಮಗ್ಗ ಮುಟ್ಟಬೇಡ.”

ಮಾರನೆಯ ದಿನ ನಾವಿಬ್ಬರೂ ಆರಿದ ಚಹಾ ಕುಡಿದವರ ಮನೆಗಳಿಗೆ ಮತ್ತೆ ಹೊರಟೆವು. ಮೊದಲ ಮನೆಯ ಮುದುಕ, ಹಲೀಂಬೆರ್ದಿ, ನಗುತ್ತ ಬಾಗಿಲು ತೆಗೆದ.

“ಮತ್ತೆ ಬಂದ್ರಾ? ಮೊನ್ನೆ ಅಳೆದ ಚಹಾ ಸಾಲ್ಲಿಲ್ವಾ?”

“ಒಂದು ಕೇಳೋದು ಬಿಟ್ಟು ಹೋಗಿತ್ತು, ಅಜ್ಜ. ಹೋದ ವರ್ಷವೂ ಹೀಗೇ ಆರಿಸ್ಕೊಂಡು ಕುಡೀತಿದ್ರಾ?”

ಅವನು ತಿರುಗಿ ಹೆಂಡತಿಯ ಮುಖ ನೋಡಿದ. ‘ಇಲ್ಲ’ ಎಂದು ಅವಳು ತಲೆಯಾಡಿಸಿದಳು. ಬೆಹ್ರೂಜ್ ಜೀಪಿನ ಕಡೆ ನಡೆದು ಹಿಂದಿನ ಬಾಗಿಲು ತೆರೆದ.