ಒಡೆಯದ ಬಣ್ಣ

ಚಿಪ್ಪುಮೀನು ಹೆಕ್ಕಿ ಮಾರುವ ಆಕೆಗೆ ಕೇರಿಯವರು ಇಟ್ಟ ಹೆಸರು ಅನುಮಾನದಕ್ಕ. ತಕ್ಕಡಿಯನ್ನು ನಂಬುವವಳಲ್ಲ, ತಕ್ಕಡಿ ಹಿಡಿದವನನ್ನಂತೂ ಮೊದಲೇ ಇಲ್ಲ. ಅವಳು ಕಣ್ಣುಮುಚ್ಚಿ ನಂಬಿದ್ದು ಜೌಗಿನ ನೀರೊಂದನ್ನೇ.

ಅಂದು ಉಬ್ಬರ ಇಳಿದ ಮೇಲೆ, ಜೌಗು ಬಸಿಯಲು ತೋಡಿದ ಕಾಲುವೆಯಿಂದ ಎರಡು ಬುಟ್ಟಿ ಚಿಪ್ಪುಮೀನು ತಂದಿದ್ದಳು. ಒಂದು ಬುಟ್ಟಿ ಪಕ್ಕದ ಮನೆಗೆ ಮಾರಾಟವಾಗಿತ್ತು. ಇನ್ನೊಂದನ್ನು ಆರು ತಿಂಗಳ ಬಸುರಿ ಸೊಸೆ ತೊಳೆಯುತ್ತಿದ್ದಳು.

"ಅತ್ತೆ, ಸೀಮೆಎಣ್ಣೆ ವಾಸನೆ ಬರ್ತಿದೆ."

"ಬಸುರಿ ಮೂಗಿಗೆ ಎಲ್ಲಾ ವಾಸನೆನೇ. ಸುಮ್ನೆ ತೊಳಿ."

ಅಷ್ಟರಲ್ಲಿ ಆರೋಗ್ಯ ಕಾರ್ಯಕರ್ತೆ ಬಂದಳು. "ಅಕ್ಕಾ, ಕಾಲುವೆ ಮೇಲೆ ಬಣ್ಣಬಣ್ಣದ ಪದರ ಕಂಡೆ. ಎಣ್ಣೆ ಪೈಪು ಅಲ್ಲೇ ಹಾದುಹೋಗಿದೆ. ಇದನ್ನ ತಿನ್ನಬೇಡಿ."

ಅನುಮಾನದಕ್ಕ ಸಿಡಿದಳು. "ಕಂಪನಿಯವರು ಕಳಿಸಿದ್ರಾ? ನಮ್ಮನ್ನ ಇಲ್ಲಿಂದ ಎಬ್ಬಿಸೋ ಉಪಾಯನಾ? ಕೆಸರು ಕೊಳೆತ್ರೂ ಆ ಬಣ್ಣ ಬರುತ್ತೆ. ಕಡ್ಡೀನ ಗುಡ್ಡ ಮಾಡ್ಬೇಡ!"

"ನನ್ನೂ ನಂಬಬೇಡಿ, ಕಂಪನೀನೂ ನಂಬಬೇಡಿ. ಒಂದು ಉದ್ದ ಕಡ್ಡಿ ಹಿಡ್ಕೊಂಡು ಬನ್ನಿ."

ಕಾಲುವೆ ದಂಡೆಯ ಮೂಲೆಯ ನಿಂತ ನೀರನ್ನು ಅನುಮಾನದಕ್ಕ ಕಡ್ಡಿಯಿಂದ ಕಲಕಿದಾಗ ಮೇಲಿನ ಬಣ್ಣದ ಪದರ ಚೂರುಚೂರಾಗಿ ಒಡೆಯಿತು.

"ಇದು ಕೆಸರಿಂದೇ. ನೀವು ಹೇಳಿದ್ದು ಸರಿ. ಈಗ ಬುಟ್ಟಿ ತುಂಬಿಸಿದ ಜಾಗದಲ್ಲಿ ಕಲಕಿ."

ಅಲ್ಲಿ ಪದರ ಒಡೆಯಲಿಲ್ಲ. ಸುರುಳಿ ಸುತ್ತಿ ಮತ್ತೆ ಕೂಡಿಕೊಂಡಿತು. ಅನುಮಾನದಕ್ಕ ಮೂರು ಸಲ ಕಲಕಿದಳು, ಮೂರು ಸಲವೂ ಅದೇ.

"ಬೇಯಿಸಿದ್ರೂ ಹೋಗಲ್ವಾ?"

"ಇಲ್ಲಕ್ಕಾ. ಮಾಂಸದೊಳಗೇ ಸೇರಿರುತ್ತೆ."

"ಪಕ್ಕದ ಮನೆಗೆ ಇದನ್ನ ಹೇಳಿದ್ರೆ ನಾಳೆಯಿಂದ ನನ್ನ ಬುಟ್ಟಿ ಯಾರು ಮುಟ್ತಾರೆ?"



ಅನುಮಾನದಕ್ಕ ಕಡ್ಡಿ ಎಸೆದು ಎದ್ದೆನೋ ಬಿದ್ದೆನೋ ಎಂದು ಓಡಿದಳು. ಪಕ್ಕದ ಮನೆಯಲ್ಲಿ ಪಾತ್ರೆ ಕುದಿಯುತ್ತಿತ್ತು, ಪುಟ್ಟ ಮಗು ತಟ್ಟೆ ಬಡಿಯುತ್ತಾ ಕೂತಿತ್ತು.

"ಇಳಿಸು ತಾಯಿ! ನಾನು ಕೊಟ್ಟಿದ್ದು ತಿನ್ನೋ ಹಾಗಿಲ್ಲ, ಎಣ್ಣೆ ಸೇರಿದೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನಾಚಿಕೆಯಿಂದ ಮುಖ ಕೆಂಪಾದರೂ ಇನ್ನೊಮ್ಮೆ ಕೂಗಿದಳು. ತನ್ನ ಮನೆಯ ಬುಟ್ಟಿಯನ್ನೂ ಎತ್ತಿಟ್ಟು, ಸೊಸೆಗೆ ಸೋಪು ಹಾಕಿ ಕೈ ತೊಳೆಯಲು ಹೇಳಿದಳು. ಅಂದೇ ಪಂಚಾಯಿತಿ ಕಚೇರಿಗೆ ಹೋಗಿ ದೂರು ಬರೆಸಿದಳು, ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದಳು.

ಜೌಗಿನ ದಂಡೆಯಲ್ಲಿ ಬಾಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಿ. ನೀರಿನ ಮೇಲಿನ ಬಣ್ಣ ಕಲಕಿದರೂ ಒಡೆಯದೆ ಕೂಡಿಕೊಂಡರೆ ಎಣ್ಣೆಯೆಂದೇ ತಿಳಿಯಿರಿ. ಮುಟ್ಟಬೇಡಿ, ಹತ್ತಿರ ಬೆಂಕಿ ಹಚ್ಚಬೇಡಿ. ಅಲ್ಲಿನ ಮೀನು ತಿನ್ನಬೇಡಿ, ಮಾರಲೂಬೇಡಿ. ಕೂಡಲೇ ದೂರು ಕೊಡಿ. ಮಾರಿಯಾಗಿದ್ದರೆ ಓಡಿಹೋಗಿ ವಾಪಸು ತನ್ನಿ. ಮುನಿಸಿಕೊಂಡ ಗಿರಾಕಿ ಮತ್ತೆ ಬಂದಾರು, ಮಗುವಿನ ಹೊಟ್ಟೆ ಸೇರಿದ್ದನ್ನು ವಾಪಸು ತರಲಾಗದು.