ಪೂಜೆ ಮುಗಿಯುವವರೆಗೆ

ಗುರುಸಿದ್ದಮ್ಮ ಮಂಚದ ಕೆಳಗೆ ಬಗ್ಗಿ, ಗಾಜಿನ ಸೀಸೆಯ ನೀರಿನಿಂದ ರಬ್ಬರ್ ಕೊಳವೆಯ ತುದಿಯನ್ನು ಹೊರಗೆಳೆದಳು. ಇನ್ನೊಂದು ತುದಿ ಗಂಡ ರುದ್ರಯ್ಯನ ಬಲಪಕ್ಕೆಯೊಳಗಿತ್ತು. ತೊಟ್ಟಿಕ್ಕಿದ ಕೀವನ್ನು ಒರೆಸಿ, ತುದಿಗೆ ಒಗೆದ ಬಟ್ಟೆ ಸುತ್ತಿದಳು.

"ಬೇಗ ಆಗ್ಲಿ," ಎಂದ ರುದ್ರಯ್ಯ. "ನರ್ಸಮ್ಮ ಬಂದ್ಬುಟ್ಟಾಳು."

ದುದ್ದ ಊರಿನ ಕೊಬ್ಬರಿ ವ್ಯಾಪಾರಿ ಅವನು. ಸೋನೆ ಹಿಡಿದಾಗ ಬಂದ ಜ್ವರ ಶ್ವಾಸಕೋಶಕ್ಕಿಳಿದು, ಅದರ ಸುತ್ತ ಕೀವು ಕಟ್ಟಿತ್ತು. ಹಾಸನದ ಆಸ್ಪತ್ರೆಯಲ್ಲಿ ಸೂಜಿಯಿಂದ ಎಳೆದಷ್ಟೂ ಮತ್ತೆ ತುಂಬುತ್ತಿತ್ತು. ಯುದ್ಧದ ಕಾಲದಲ್ಲಿ ಕಷ್ಟಪಟ್ಟು ತರಿಸಿದ ಮಾತ್ರೆಗಳೂ ಸಾಲದೆ, ಡಾಕ್ಟರು ಚಂದ್ರಶೇಖರಯ್ಯ ಪಕ್ಕೆಲುಬುಗಳ ನಡುವೆ ಕೊಯ್ದು ಕೊಳವೆ ಇಟ್ಟಿದ್ದರು. ಸೀಸೆ ತುಂಬಿದ್ದನ್ನು ನೋಡಿ ಪಕ್ಕದ ಮಂಚದ ಪಾಪಯ್ಯ, "ಏನ್ ಸಾವ್ಕಾರ್ರೆ, ಎಲ್ಡು ಎಮ್ಮೆ ಕರ್ದಂಗಾಯ್ತಲ್ಲ" ಎಂದು ನಗಿಸಿದ್ದ.

ಆದರೆ ರುದ್ರಯ್ಯ ಊಟ ಬಿಟ್ಟಿದ್ದ. ಲಿಂಗಪೂಜೆಯಾಗದೆ ಗಂಜಿಯೂ ಗಂಟಲಿಗಿಳಿಯದ ಮನೆತನ. ಕೆಳಗೆ ಕೀವಿನ ಸೀಸೆ ಇಟ್ಟುಕೊಂಡು ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲಾರೆ ಎಂದು ಹಟ ಹಿಡಿದಿದ್ದ. ಹೀಗೆ ಉಪವಾಸವಿದ್ದರೆ ಉಳಿಯುವುದಿಲ್ಲವೆಂದು ಡಾಕ್ಟರು ಬೆಳಿಗ್ಗೆಯೇ ಹೇಳಿ ಹೋಗಿದ್ದರು. ಕೊಳವೆಯ ತುದಿ ನೀರಿನಿಂದ ಆಚೆ ಬರಕೂಡದೆಂದೂ ಹೇಳಿದ್ದರು. ಅದು ನಾತ ಹರಡದಿರಲೆಂದು ಇರಬೇಕೆಂದುಕೊಂಡಿದ್ದಳು ಗುರುಸಿದ್ದಮ್ಮ. ಪೂಜೆ ಮುಗಿಯುವವರೆಗೆ ತಾನೇ?

ಸೀಸೆಯನ್ನು ಜಗಲಿಯಲ್ಲಿಟ್ಟು, ನೆಲ ಒರೆಸಿ, ಕೈ ತೊಳೆದು ಬಂದಳು. ರುದ್ರಯ್ಯ ವಿಭೂತಿ ಬಳಿದುಕೊಂಡು, ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡ. ಅವಳು ನೀರೆರೆದಳು. ಅವನು ಮಂತ್ರಕ್ಕೆ ಉಸಿರೆಳೆದ.

ಸುಯ್ ಎಂಬ ಸದ್ದು. ಹಾವೇನೋ ಎಂದು ಅವಳು ನೆಲ ನೋಡಿದಳು. ಅವನು ಮತ್ತೆ ಎಳೆದ. ಮತ್ತೆ ಅದೇ ಸದ್ದು, ಬಾಯಿಂದಲ್ಲ, ಕೊಳವೆಗೆ ಸುತ್ತಿದ ಬಟ್ಟೆಯೊಳಗಿಂದ. ಅವನ ತುಟಿ ನೇರಳೆಯಾಯಿತು. ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು.

ಲಿಂಗ ನೆಲಕ್ಕೆ ಬಿದ್ದ ಮೇಲೆ ಅದನ್ನು ಧರಿಸಿದವನು ಪ್ರಾಣ ಇಟ್ಟುಕೊಳ್ಳಬಾರದೆಂದು ಅವರ ಮನೆಯ ಹಿರಿಯರು ಹೇಳುತ್ತಿದ್ದರು. ಅವಳ ಕೈ ತಾನಾಗಿ ಅತ್ತ ಚಾಚಿತು.

ಜಗಲಿಯಲ್ಲಿ ಸೀಸೆ ಕಂಡು ಓಡಿಬಂದ ನರ್ಸಮ್ಮ ಬಾಗಿಲಿನಿಂದಲೇ ಹೇಳಿದಳು: "ಕೊಳ್ವೆ ಮಡಚಿ ಇಡ್ಕಳ್ಳಮ್ಮ, ಬಿಗಿಯಾಗಿ. ಎದೆಯೊಳಕ್ಕೆ ಗಾಳಿ ಓಯ್ತಾ ಐತೆ."

ರುದ್ರಯ್ಯ ಬೇಡವೆಂದು ತಲೆಯಾಡಿಸಿದ. "ಮೊದ್ಲು... ಅದ್ನ ಎತ್ತು."

ಲಿಂಗ ಅವಳ ಕಾಲ ಬಳಿಯೇ ಇತ್ತು. ಅವಳು ಅದನ್ನು ದಾಟಿದಳು. ಕೊಳವೆಯನ್ನು ಮಡಚಿ ಎರಡೂ ಮುಷ್ಟಿಯಲ್ಲಿ ಹಿಸುಕಿ ಹಿಡಿದಳು.

ನರ್ಸಮ್ಮ ಸೀಸೆಗೆ ಹೊಸ ನೀರು ತುಂಬಿ ತಂದು ತುದಿಯನ್ನು ಮುಳುಗಿಸಿದಳು. ಈಗ ಬಿಡಬಹುದು ಎಂದಳು. ಗುರುಸಿದ್ದಮ್ಮನಿಗೆ ಬಿಡಲಾಗಲಿಲ್ಲ, ಬೆರಳುಗಳನ್ನು ನರ್ಸಮ್ಮನೇ ಒಂದೊಂದಾಗಿ ಬಿಡಿಸಬೇಕಾಯಿತು. ನೀರಿನಲ್ಲಿ ಗುಳ್ಳೆಗಳೆದ್ದವು. ಒಳಹೋದ ಗಾಳಿ ಹೊರಬಂದಂತೆಲ್ಲ ರುದ್ರಯ್ಯನ ತುಟಿಗೆ ನಿಧಾನವಾಗಿ ಬಣ್ಣ ಬಂತು. ಪಾಪಯ್ಯ ಗೋಡೆಯತ್ತ ತಿರುಗಿ ಮಲಗಿದ್ದ.

ಗುರುಸಿದ್ದಮ್ಮ ಲಿಂಗವನ್ನು ಸೆರಗಿನಲ್ಲಿ ಎತ್ತಿ, ತೊಳೆದು, ಕಣ್ಣಿಗೊತ್ತಿಕೊಂಡು ಗಂಡನ ಮುಂದೆ ಹಿಡಿದಳು.

"ತಗಳಿ," ಎಂದಳು. "ದಾಟ್ದೋಳು ನಾನು. ಪಾಪ ನಂಗಿರ್ಲಿ."

ರುದ್ರಯ್ಯ ಅವಳನ್ನು ನೋಡುತ್ತಲೇ ಇದ್ದ. ಲಿಂಗ ಹಿಡಿಯುವ ಅವನ ಎಡಗೈ ಹಾಸಿಗೆಯ ಮೇಲೆ ಮುಷ್ಟಿ ಕಟ್ಟಿತ್ತು, ಬಿಚ್ಚಲಿಲ್ಲ. ಎದೆ ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು. ಅವಳ ಬೆರಳ ಸಂದಿಯಿಂದ ನೀರು ಹಾಸಿಗೆಗೆ ತೊಟ್ಟಿಕ್ಕುತ್ತಿತ್ತು.