ಹೆಬ್ಬೆಟ್ಟು

ಯಂಕಪ್ಪನ ಹೆಬ್ಬೆರಳು ಇನ್ನೂ ಒತ್ತುತ್ತಲೇ ಇತ್ತು. ಗಾಜಿನ ಕೆಳಗೆ ಹತ್ತಿಬೇರಿನ ತುದಿ ಕೆಂಪು ಬಣ್ಣದಲ್ಲಿ ಅಪ್ಪಚ್ಚಿಯಾಗಿತ್ತು. ಅಪ್ಪಚ್ಚಿಯಾಗದೆ ಯಾವ ಜೀವಕೋಶವೂ ತನ್ನೊಳಗಿನ ಲೆಕ್ಕ ಕೊಡುವುದಿಲ್ಲ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಜವಾರಿ ಹತ್ತಿಯ ಒಂದೊಂದು ಕೋಶದಲ್ಲೂ ವರ್ಣತಂತು ಇಪ್ಪತ್ತಾರು. ಇಲ್ಲೊಂದು ಕೋಶದಲ್ಲಿ ಅದರ ಎರಡು ಪಟ್ಟು. ಲೆಕ್ಕ ತಪ್ಪಿದ ಗಿಡಕ್ಕೇ ಗಂಟುರೋಗ ಎಂಬುದು ಪ್ರಯೋಗಾಲಯದ ಸಾಹೇಬರ ವಾದ. ಈ ಗಿಡಕ್ಕೆ ಮಾತ್ರ ಗಂಟಿರಲಿಲ್ಲ, ರೋಗವಿರಲಿಲ್ಲ. ತಾನೇ ಕಿತ್ತು ತಂದದ್ದು.

"ಸರ, ಚಲೋ ಗಿಡದಾಗೂ ಲೆಕ್ಕ ತಪ್ಪೇತ್ರಿ. ಹಂಗಾದ್ರ ಲೆಕ್ಕ ತಪ್ಪಿದ್ದಕ್ಕ ಗಂಟು ಬೆಳೀತೈತಿ ಅನ್ನೂದು..."

"ಅದನ್ನೂ ಗಂಟಿನ ಗಿಡದ ಗುಂಪಿಗೆ ಸೇರಿಸು. ಸುಟ್ರ ಮುಗೀತು." ಸಾಹೇಬರು ಎಲೆಯಡಿಕೆ ಜಗಿಯುತ್ತ ಅಂದರು. "ನಿಮ್ಮಂದಿಗೆ ಓದಾಕ ಕಲಿಸಿದ್ದ ಹೆಚ್ಚಾಗಿತ್ತು. ಎಣಿಸಾಕೂ ಕಲಿಸ್ಯಾರ ನೋಡು."

ಯಂಕಪ್ಪ ನಕ್ಕ. ಆ ನಗು ಪದವಿಯ ಜೊತೆಗೇ ಬಂದದ್ದು. ಇನ್ನೊಂದು ಬೇರು ಇಟ್ಟು ಒತ್ತಿದ. ಬಣ್ಣ ಒಸರಿ ಬೆರಳಿಗೆ ಮೆತ್ತಿತು.

ಹೊರಗೆ ಗದಗಿನ ಬೀದಿಯಲ್ಲಿ ಹಲಗೆ, ಗುಲಾಲು. ಕನ್ನಡ ನಾಡು ಒಂದಾದ ದಿನ. ಹಲಗೆಯವರು ಅವನ ಕೇರಿಯವರೇ; ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ, ಊಟಕ್ಕೆ ಎಲ್ಲರಿಗಿಂತ ಹೊರಗೆ.

ಬಾಗಿಲಲ್ಲಿ ಹೆಂಡತಿ ಮಂಜವ್ವ. ಕಂಕುಳಲ್ಲಿ ಬಟ್ಟೆಯ ಗಂಟು. ಕೊರಳಲ್ಲಿ ನೆಲ್ಲಿಕಾಯಿಯಷ್ಟು ಇನ್ನೊಂದು.

"ಅತ್ತಿ ತವರಿಗೆ ನಡಿ ಅಂದಾರ. ಮುಂಡರಗಿ ಬಸ್ಸಿಗೆ ಹೊಂಟೀನಿ. ನನ್ನ ಹೊಟ್ಟ್ಯಾಗ ಗಂಟಿನ ಕೂಸ ಹುಟ್ಟತಾವಂತ. ನಿಮಗ ಬ್ಯಾರೆ ಹೆಣ್ಣ ನೋಡ್ಯಾರ."

"ಅವ್ವ ಹಂಗ ಅಂತಿರ್ತಾಳ."

"ಕಲತವರು ನೀವು. ಇದು ಪಾಪದ್ದಲ್ಲ ಅಂತ ಒಂದ ಮಾತು ಹೇಳ್ರಿ. ನಿಮ್ಮ ಮಾತು ಮೀರೂದಿಲ್ಲ ಅವರು."

ಹೇಳಬಹುದಿತ್ತು. ಬೇರೆಯಾದದ್ದೆಲ್ಲ ರೋಗವಲ್ಲವೆಂದು ಈಗಷ್ಟೇ ಕಣ್ಣಾರೆ ಕಂಡಿದ್ದ. ಸಾಹೇಬರು ಜಗಿಯುವುದನ್ನು ನಿಲ್ಲಿಸಿ ಇತ್ತಲೇ ಕಿವಿಗೊಟ್ಟಿದ್ದರು.

ಅವನ ಹೆಬ್ಬೆರಳು ಅವಳ ಕೊರಳಿಗೆ ಹೋಯಿತು.

"ನೋವೈತೇನು?"

"ಇಲ್ರಿ."

ಒತ್ತಿದ. ಕೋಶ ಚಪ್ಪಟೆಯಾಗುವ ಹದ ಆ ಬೆರಳಿಗೆ ಗೊತ್ತಿತ್ತು. ಅವಳ ಕಣ್ಣಲ್ಲಿ ನೀರು ಚಿಮ್ಮಿತು.

"ಈಗ?"

"ಈಗ ಆತ್ರಿ."

"ನೋಡಿದೇನು? ನೋವೈತಿ ಅಂದ್ರ ರೋಗನ. ಸದ್ಯಕ್ಕ ಹೋಗಿರು."

ಅವಳು ಅಳಲಿಲ್ಲ. "ನಿಮ್ಮ ಮಷೀನಿಗಿಂತ ಅತ್ತೀನ ಚಲೋರಿ," ಅಂದಳು. "ಅವರು ಮುಟ್ಟದನ ಹೇಳಿದ್ರು."

ಹೋದಳು. ಹಿಂದಿನಿಂದ ಸಾಹೇಬರು ಮುಂದಿನ ಬೇರು ಕೇಳಿದರು. ಯಂಕಪ್ಪ ಕಿಟಕಿಗೆ ಹೋಗಿ ನಿಂತ. ಬೀದಿಗಿಳಿದವಳು ಒಮ್ಮೆ ಹೊರಳಿದಳು. ಅವಳ ಕೊರಳ ಗಂಟಿನ ಮೇಲೆ ಕೆಂಪಗೆ ಮೂಡಿತ್ತು, ಓದು ಬಾರದ ಅವನ ಅಪ್ಪ, ಗೌಡರ ಸಾಲದ ಕಾಗದಗಳಿಗೆ ಒತ್ತುತ್ತಿದ್ದಂಥದೇ ಹೆಬ್ಬೆಟ್ಟು.

ಮೆರವಣಿಗೆ ಅವಳಿಗೆ ಎದುರಾಯಿತು. ಗುಲಾಲು ಹಿಡಿದು ಎತ್ತಿದ ಕೈಗಳು ಅವಳ ಕೊರಳು ಕಂಡು ಇಳಿದವು. ಇವಳಿಗೆ ಆಗಲೇ ಯಾರೋ ಬಣ್ಣ ಹಚ್ಚಿದ್ದಾರೆಂದುಕೊಂಡು ನಗುತ್ತ ದಾರಿ ಬಿಟ್ಟರು.